ಬೋಟಿನ ವಿಂಚ್: ಸ್ಕ್ರೂ ಬಿಗಿದರೂ ಪ್ರೆಶರ್ ಏರುತ್ತಿಲ್ಲ

ಪ್ರಶ್ನೆ: ಮಲ್ಪೆಯಲ್ಲಿ ದಕ್ಕೆಗೆ ಕಟ್ಟಿರುವ ಟ್ರಾಲ್ ಬೋಟ್. ಬಲೆ ಎಳೆಯುವ ಹೈಡ್ರಾಲಿಕ್ ವಿಂಚಿನ ಪೈಲಟ್ ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರಿದರೆ ಆಯಿಲನ್ನು ಟ್ಯಾಂಕಿಗೆ ಬಿಡುವ ವಾಲ್ವ್) ಸೆಟ್ಟಿಂಗ್ 140 ಬಾರ್ ಇತ್ತು, ಈಗ ಗೇಜ್ 8ರಲ್ಲೇ ನಿಂತಿದೆ. ಸ್ಕ್ರೂ ಪೂರ್ತಿ ಬಿಗಿದರೂ ಮುಳ್ಳು ಅಲುಗುತ್ತಿಲ್ಲ. ಆಯಿಲ್ ತಳ್ಳುವ ವೇನ್ ಪಂಪ್ ಬದಲಿಸಬೇಕೇ?

ಉತ್ತರ 1: ಪಂಪಿಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಆ ಸ್ಕ್ರೂ ಪೂರ್ತಿ ಸಡಿಲಿಸಿ. ವಾಲ್ವಿನೊಳಗೆ ಕಸ ಸಿಕ್ಕಿದ್ದರೆ, ಅದು ಸರಿದ ಕ್ಷಣವೇ ಪ್ರೆಶರ್ ಜಿಗಿದು ಹೋಸ್ ಸಿಡಿದೀತು. ವಾಲ್ವಿನ ಮುಖ್ಯ ಪಿಸ್ಟನ್‌ನಲ್ಲಿ ಸುಮಾರು 1 ಮಿ.ಮೀ. ತೂತು ಇರುತ್ತದೆ. ಅದರ ಮೂಲಕ ಆಯಿಲ್ ಹಿಂಬದಿಗೆ ಹೋಗಿ ಎರಡೂ ಕಡೆ ಒತ್ತಡ ಸಮವಾದರೆ ಮಾತ್ರ ಸಣ್ಣ ಸ್ಪ್ರಿಂಗ್ ಪಿಸ್ಟನನ್ನು ಮುಚ್ಚಿ ಹಿಡಿಯಬಲ್ಲದು. ತೂತು ಕಟ್ಟಿದರೆ ಉಳಿಯುವುದು ಆ ಸ್ಪ್ರಿಂಗಿನ ಬಲವೊಂದೇ, ಆಯಿಲೆಲ್ಲ ಟ್ಯಾಂಕಿಗೆ ವಾಪಸ್.

ಬಲೆ ಡೆಕ್ ಮೇಲಿರಲಿ, ಎಂಜಿನ್ ಆಫ್ ಮಾಡಿ, ಲಿವರ್ ಹಿಂದೆ ಮುಂದೆ ಆಡಿಸಿ ಉಳಿದ ಪ್ರೆಶರ್ ಬಿಡಿ. ಕವರ್ ಬಿಚ್ಚಿ ಪಿಸ್ಟನ್ ತೆಗೆದು ಬೆಳಕಿಗೆ ಹಿಡಿಯಿರಿ. ಕಟ್ಟಿದ್ದರೆ ಡೀಸೆಲ್‌ನಲ್ಲಿ ತೊಳೆದು ಬಲೆಯ ನೈಲಾನ್ ಎಳೆ ತೂರಿಸಿ. ಉಕ್ಕಿನ ತಂತಿ ಖಂಡಿತ ಬೇಡ, ತೂತು ದೊಡ್ಡದಾದರೆ ಸೆಟ್ಟಿಂಗ್ ನಿಲ್ಲದು. ಆಯಿಲ್ ಸವರಿದ ಪಿಸ್ಟನ್ ತನ್ನ ಭಾರಕ್ಕೇ ಜಾರಿ ಇಳಿಯಬೇಕು.

ಉತ್ತರ 2: ತೂತು ಸ್ವಚ್ಛವಿದ್ದರೆ ಪೈಲಟ್ ಕೋನ್ (ಸೆಟ್ಟಿಂಗ್ ಸ್ಕ್ರೂವಿನ ಸ್ಪ್ರಿಂಗ್ ಒತ್ತಿ ಹಿಡಿಯುವ ಚೂಪು ತುಂಡು) ಕೂರುವ ಸೀಟ್ ನೋಡಿ. ಉಪ್ಪುನೀರಿನ ತುಕ್ಕಿನ ಚೂರು ಅಲ್ಲಿ ಕೂತರೂ ಇದೇ ಲಕ್ಷಣ. ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒರೆಸಿ, ಫಿಲ್ಟರನ್ನೂ ಬದಲಿಸಿ. ಇಲ್ಲದಿದ್ದರೆ ವಾರದೊಳಗೆ ಮತ್ತೆ ಕಟ್ಟುತ್ತದೆ.

ಉತ್ತರ 3: ಪಂಪಿನ ಬಗ್ಗೆ: ಹ್ಯಾರಿ ವಿಕರ್ಸ್ 1925ರಲ್ಲಿ ರೂಪಿಸಿದ ಬ್ಯಾಲೆನ್ಸ್ಡ್ ವೇನ್ ಮಾದರಿಯಲ್ಲಿ ಒತ್ತಡದ ಕೋಣೆಗಳು ಎದುರುಬದುರು, ಹಾಗಾಗಿ ಬೇರಿಂಗಿನ ಮೇಲೆ ಒಂದೇ ಕಡೆ ಹೊರೆ ಬೀಳದು. ಸವೆದ ಪಂಪ್ ನಿಧಾನವಾಗಿ ಸೋಲುತ್ತದೆ, ಆಯಿಲ್ ಬಿಸಿಯಾದಂತೆ ಹೆಚ್ಚು. ಒಮ್ಮೆಲೇ ಬಿದ್ದರೆ ಮೊದಲ ಅನುಮಾನ ವಾಲ್ವಿನ ಮೇಲೆಯೇ.