ಸಹಾಯ ಬೇಕು: ಹಳೇ ಸಣ್ಣ ಟ್ರ್ಯಾಕ್ಟರ್, ಸಿಕಲ್ ಬಾರ್ ಮೋವರ್‌ನಲ್ಲಿ ಹುಲ್ಲು ಸಿಕ್ಕಿಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1950ರ ಫಾರ್ಮಾಲ್ ಕಬ್ ಇದೆ, ಜೊತೆಗೆ 5 ಅಡಿಯ ಸಿಕಲ್ ಬಾರ್ ಮೋವರ್ (ಉದ್ದ ಬಾರ್ ಮೇಲೆ ಹಲ್ಲಿನ ಬ್ಲೇಡ್ ಅತ್ತಿತ್ತ ಓಡಿ ಹುಲ್ಲು ಕೊಯ್ಯುವ ಯಂತ್ರ). ಎಂಜಿನ್ ಬಗ್ಗೆ ದೂರಿಲ್ಲ. ತಲೆನೋವೆಲ್ಲ ಮೋವರ್‌ದೇ.

ಬಲಿತ ಹುಲ್ಲನ್ನು ಚೆನ್ನಾಗಿ ಕೊಯ್ಯುತ್ತದೆ. ಎಳೆ ಹುಲ್ಲು, ಅದರಲ್ಲೂ ಇಬ್ಬನಿ ಇದ್ದರೆ, ಹತ್ತು ಮಾರು ಹೋಗುವಷ್ಟರಲ್ಲಿ ಬಾರ್‌ನ ಹೊರತುದಿಯ ಗಾರ್ಡ್‌ಗಳ (ಬ್ಲೇಡ್ ಕಾಯುವ ಚೂಪು ಬೆರಳುಗಳು) ಮಧ್ಯೆ ಹುಲ್ಲು ಮುದ್ದೆಯಾಗಿ ಸಿಕ್ಕಿಕೊಳ್ಳುತ್ತದೆ. ಕ್ಲಚ್ ತುಳಿದರೆ ಬ್ಲೇಡೂ ನಿಂತುಬಿಡುತ್ತದೆ, ಗಾಡಿ ಒಂದನ್ನೇ ತಡೆಯೋಕೆ ಆಗಲ್ಲ. ಪ್ರತಿ ಸಲ ಎಂಜಿನ್ ಆಫ್ ಮಾಡಿ, ಇಳಿದು, ಕೋಲಿನಿಂದ ಕೆದಕಬೇಕು. (ಆಫ್ ಮಾಡಿದ್ದರೂ ಕೈ ಹಾಕಲ್ಲ, ಅಷ್ಟು ಬುದ್ಧಿ ಇದೆ!)

ಬ್ಲೇಡಿನ ಸವೆದ 4 ಹಲ್ಲು ತೆಗೆದು ಹೊಸದು ರಿವೆಟ್ ಹೊಡೆದೆ. ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ಕೆಳಗಿನ ಲೆಡ್ಜರ್ ಪ್ಲೇಟ್‌ಗಳನ್ನು (ಗಾರ್ಡ್‌ನಲ್ಲಿ ಕೂತಿರುವ, ಹಲ್ಲಿನ ಜೊತೆ ಕತ್ತರಿಯಂತೆ ಕೊಯ್ಯುವ ತಗಡು) ಬದಲಿಸಿಲ್ಲ, ಬೆರಳಾಡಿಸಿದರೆ ಅಂಚು ನುಣ್ಣಗೆ ದುಂಡಗಾಗಿದೆ. ನಿನ್ನೆ ದಾರ ಹಿಡಿದು ನೋಡಿದೆ: ಬಾರ್‌ನ ಹೊರತುದಿ ಅರ್ಧ ಇಂಚು ಹಿಂದಕ್ಕೇ ಇದೆ. ಬಾರ್‌ನ ಪ್ರತಿ ಅಡಿ ಉದ್ದಕ್ಕೆ ಕಾಲು ಇಂಚಿನ ಲೆಕ್ಕದಲ್ಲಿ ಅದು ಒಳತುದಿಗಿಂತ ಮುಂದಿರಬೇಕು ಅಲ್ವಾ?

ಮೊದಲು ಇದನ್ನು ಸರಿ ಮಾಡಲೋ, ಪ್ಲೇಟ್ ಬದಲಿಸಲೋ? ಸುಮ್ನೆ ಎಲ್ಲ ಬಿಚ್ಚಿ ಕೂರೋಕೆ ಮನಸ್ಸಿಲ್ಲ. ಬ್ಲೇಡನ್ನು ಅತ್ತಿತ್ತ ಓಡಿಸುವ ಮರದ ತೋಳು, ಅಂದ್ರೆ ಪಿಟ್‌ಮನ್ ಕೂಡ ಬೋಲ್ಟ್ ತೂತಿನ ಹತ್ತಿರ ಸೀಳು ಬಿಟ್ಟಿದೆ. ಅದಕ್ಕೆ ಯಾವ ಮರ ಹಾಕಿದ್ದೀರಿ?