ಸಹಾಯ ಬೇಕು: ವಕೀಲರು ವರ್ಷದ ಓದಿಗೆ ಪ್ಲಾನ್ ಹೇಗೆ ಮಾಡ್ತೀರಿ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಒಂಬತ್ತು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಜಾಸ್ತಿ ಜಮೀನಿನ ಪಾಲು, ದಾರಿ ತಕರಾರು, ಆಗಾಗ ಕ್ರಿಮಿನಲ್.

ಮೊನ್ನೆ ಒಂದು ಕೇಸಿನಲ್ಲಿ ವಾಟ್ಸಾಪ್ ಮೆಸೇಜಿನ ಪ್ರಿಂಟ್ ಜೊತೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟನ್ನೇ (ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೊಡುವ ದೃಢೀಕರಣ) ಹಾಕಿದ್ದೆ. ಎದುರಿನ ವಕೀಲರು ಎದ್ದು ನಿಂತರು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ನಮೂನೆಯಲ್ಲಿ ಎರಡು ಭಾಗ, ಎರಡನೆಯದಕ್ಕೆ ತಜ್ಞರ ಸಹಿ, ಹ್ಯಾಶ್ ವ್ಯಾಲ್ಯೂ (ಫೈಲ್ ತಿದ್ದಿಲ್ಲ ಅಂತ ತೋರಿಸುವ, ಅದರ ಬೆರಳಚ್ಚಿನಂಥ ಕೋಡ್) ಬೇರೆ. ಕಕ್ಷಿದಾರ ಹಿಂದಿನ ಬೆಂಚಿನಲ್ಲೇ ಕೂತಿದ್ದ. ಮುಖ ಎಲ್ಲಿಡಲಿ?

ಇಂಗ್ಲೆಂಡಿನಲ್ಲಿ ಅನುಭವಿ ಬ್ಯಾರಿಸ್ಟರುಗಳು ಈ ವರ್ಷ ಏನು ಕಲಿಯಬೇಕು ಅಂತ ಮೊದಲೇ ಬರೆದಿಡಬೇಕಂತೆ. ಕಲಿತದ್ದನ್ನು ದಾಖಲಿಸಿ, ಕೊನೆಗೆ ತಾವೇ ತೂಗಿ ನೋಡಬೇಕು. ಇಷ್ಟೇ ಗಂಟೆ ಅನ್ನೋ ಲೆಕ್ಕ 2017ರಿಂದ ಅವರಿಗಿಲ್ಲ. ನಮ್ಮಲ್ಲಿ ಬಾರ್ ಪರೀಕ್ಷೆ ಪಾಸಾದರೆ ಮುಗಿಯಿತು, ಆಮೇಲೆ ಕೇಳುವವರಿಲ್ಲ ಅಲ್ವಾ?

ನಾನೂ ಒಂದು ನೋಟ್‌ಬುಕ್ ತಂದಿದ್ದೇನೆ. ಮೊದಲ ಪುಟದಲ್ಲಿ ‘ಹ್ಯಾಶ್’ ಅಂತ ಬರೆದು ಸುಮ್ನೆ ಕೂತಿದ್ದೇನೆ. ಮೈಸೂರು, ಮಂಡ್ಯ ಕಡೆ ಶನಿವಾರ ಸೇರಿ ಓದುವ ವಕೀಲರ ಗುಂಪು ಇದೆಯಾ? ಪಾಟಿ ಸವಾಲು ಕಲಿಸುವ ಹಿರಿಯರು ಯಾರಾದರೂ? ನಿಮ್ಮ ಪ್ಲಾನ್ ಇದ್ದರೆ ಒಂದು ಫೋಟೋ ಹಾಕಿ ಸಾರ್. ಉಪನ್ಯಾಸ, ಶಾಲು ಹಾರ ಬೇಡ, ಅದು ಸಾಕಾಗಿದೆ.