ಖಗೋಳ ವಿಜ್ಞಾನಿಗೆ ದಿನವೂ ಏನು ಕೆಲಸ?

ತೀರ್ಥಹಳ್ಳಿ ಹುಡುಗಿ: ಬಿ.ಎಸ್ಸಿ. ಎರಡನೇ ವರ್ಷ. "ನಕ್ಷತ್ರ ಎಣಿಸಿದ್ರೆ ಸಂಬಳ ಯಾರು ಕೊಡ್ತಾರೆ?" ಅನ್ನುತ್ತಾರೆ ಅಮ್ಮ. ಗೊತ್ತಿದ್ದವರು ಹೇಳಿ.

ಸಾಗರದವ: ಹೊಳಪು ಏರಿಳಿಯುವ ನಕ್ಷತ್ರಗಳೇ ನನ್ನ ಸಂಶೋಧನೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ದೂರದರ್ಶಕವಿದೆ. ನಡೆಸುವುದು ಮಾತ್ರ ಹೊಸಕೋಟೆಯಿಂದ, ಉಪಗ್ರಹದ ಮೂಲಕ! ಅದನ್ನು ಬಳಸಲು ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಕಳೆದ ಸಲ ಸಿಕ್ಕಿದ್ದು ಎರಡೇ ರಾತ್ರಿ. ಒಂದು ರಾತ್ರಿ ಪೂರ್ತಿ ಮೋಡ. ಮಾನಿಟರ್ ಮುಂದೆ ಸುಮ್ನೆ ಕಾಫಿ ಕುಡಿಯುತ್ತಾ ಕೂತೆ. ಉಳಿದ ದಿನವೆಲ್ಲ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೋಡು, ಸಂಶೋಧನಾ ಪೇಪರು.

ಆಗುಂಬೆ ಕಡೆಯವ: ನಮಗೆ ಮಳೆಗಾಲದಲ್ಲಿ ಚಂದ್ರನೂ ಕಾಣಲ್ಲ ಮಾರಾಯ್ರೆ. ಒಂದೇ ರಾತ್ರಿ ಮೋಡಕ್ಕೆ ಅಳ್ತೀರಲ್ಲ!

ತೀರ್ಥಹಳ್ಳಿ ಹುಡುಗಿ: ಹಾಗಾದ್ರೆ ದೂರದರ್ಶಕಕ್ಕೆ ಕಣ್ಣಿಟ್ಟು ನೋಡೋದೇ ಇಲ್ವಾ?

ಸಾಗರದವ: ಇಲ್ಲ, ಕ್ಯಾಮೆರಾ ನೋಡುತ್ತದೆ. ನಾನು ಕಣ್ಣಾರೆ ನೋಡುವುದು ಡಿಸೆಂಬರಿನಲ್ಲಿ ಊರಿಗೆ ಬಂದಾಗ, ಅಡಿಕೆ ಚಪ್ಪರದ ಮೇಲೆ ಮಲಗಿ. ಭೌತಶಾಸ್ತ್ರ ಬಿಡಬೇಡಿ, ಕೋಡಿಂಗೂ ಕಲಿಯಿರಿ.